ನಿಡೋಣಿಯಲ್ಲಿ ಹೇಳಿದ ಮಾತು

ಅಪ್ಪನ ಶವಕ್ಕೆ ಹಾರ ಹಾಕಿ ಎದ್ದ ಹೆಂಗಸು ನೇರವಾಗಿ ಪ್ರಾಚಿಯ ಹತ್ತಿರ ಬಂದು ಬಗ್ಗಿ ಅವಳ ಪಾದ ಮುಟ್ಟಿದಳು. ಪ್ರಾಚಿ ಗಾಬರಿಯಾಗಿ ಅವಳ ಭುಜ ಹಿಡಿದೆತ್ತಿದಳು. ಐವತ್ತು ದಾಟಿದ ಹೆಂಗಸು ಮೂವತ್ತೊಂದು ವರ್ಷದವಳ ಕಾಲಿಗೆ ಬೀಳುವುದೆಂದರೇನು?

"ಏನ್ ಮಾಡಾಕತ್ತೀರಿ? ಏಳ್ರಿ ಮ್ಯಾಲ."

"ನಾ ಗೌರಾಬಾಯಿ, ತಂಗಿ. ತಿಕೋಟಾದಾಕಿ. ನಾನು, ನನ್ನ ಗಂಡ ನಿಮ್ಮಪ್ಪನ ಜೋಡಿ ನಿಡೋಣಿ ಭಜನಿಗೆ ಕೂಡ್ತಿದ್ವಿ." ಅವಳು ಪ್ರಾಚಿಯ ಎಡಗಿವಿಯನ್ನು ಬೆರಳ ತುದಿಯಿಂದ ಮುಟ್ಟಿದಳು. "ಇದ ಹೌದಲ್ಲ ಆ ಕಿವಿ?"

ಆ ಕಿವಿ ಪ್ರಾಚಿಗೆ ಕೇಳಿಸುತ್ತಿರಲಿಲ್ಲ. ಐದನೆಯ ವರ್ಷಕ್ಕೆ ಬಂದ ಜ್ವರದಿಂದ ಹಾಗಾಯಿತೆಂದು ಮನೆಯಲ್ಲಿ ಹೇಳಿದ್ದರು. ಮಿರಜಿನ ಡಾಕ್ಟರರಿಗೆ ನಾಲ್ಕು ಸಲ ತೋರಿಸಿದ್ದು ಅವಳಿಗೆ ನೆನಪಿತ್ತು. ನೋಡಲು ಬಂದ ಇಬ್ಬರು ವರರ ಮನೆಯವರು ಸಂಗತಿ ತಿಳಿದ ಮೇಲೆ ತಿರುಗಿ ಬರಲಿಲ್ಲ. ಈಗ ಜಲನಗರದ ಶಾಲೆಯೊಂದರಲ್ಲಿ ಕಲಿಸುತ್ತಿದ್ದಳು. ಮಕ್ಕಳು ಬಲಗಡೆಗೇ ಬಂದು ಮಾತಾಡುವುದನ್ನು ಕಲಿತಿದ್ದರು.

"ಈ ಕಿವಿ ಸಂಬಂಧ ಎಷ್ಟ ಅತ್ತಾನ ನಿಮ್ಮಪ್ಪ! ಕುಡದ ಬಂದು ಹೊಡದ ಒಂದ ಏಟಿಗೆ ಕೂಸಿನ ಕಿವಿ ಹೋತು ಅಂತ ಪ್ರತಿ ಏಕಾದಶಿಗೂ ಹೇಳ್ತಿದ್ದ. ನೀ ಕ್ಷಮಾ ಮಾಡೀದಿ ಅಂತ ಕೇಳಿದ ಮ್ಯಾಲ ನಾನೂ ನನ್ನ ಗಂಡನ್ನ ಮನಿಯೊಳಗ ಕರಕೊಂಡ್ನಿ. ಎಂಟು ವರ್ಷ ಆತು, ಬಾಟ್ಲಿ ಮುಟ್ಟಿಲ್ಲ ಅಂವ. ಎಲ್ಲಾ ನಿನ್ನ ಪುಣ್ಯೇವು."

ಪ್ರಾಚಿ ಬಾಗಿಲಲ್ಲಿ ನಿಂತಿದ್ದ ತಾಯಿಯ ಮುಖ ನೋಡಿದಳು. ತುಳಸಾಬಾಯಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೆ ನಡೆದುಬಿಟ್ಟಳು.

*

ಪ್ರಾಚಿಯ ತಂದೆ ಪ್ರಲ್ಹಾದ ಸರಕಾರಿ ಜೀಪಿನ ಡ್ರೈವರ್. ಕುಡಿತದಿಂದ ಎರಡು ಸಲ ಸಸ್ಪೆಂಡ್ ಆಗಿದ್ದ. ಹನ್ನೊಂದು ವರ್ಷದ ಹಿಂದೆ ಬಬಲೇಶ್ವರದ ಬಸ್‌ಸ್ಟ್ಯಾಂಡಿನಲ್ಲಿ ಬಿದ್ದಿದ್ದವನನ್ನು ನಿಡೋಣಿಯ ಅಂಬಾದಾಸ ಮಹಾರಾಜರು ಎಬ್ಬಿಸಿ ಕರೆದುಕೊಂಡು ಹೋದರು. ಅವರೂ ಒಂದು ಕಾಲದಲ್ಲಿ ಕುಡುಕರೇ. ಅವರ ವಿಠ್ಠಲ ಮಂದಿರದಲ್ಲಿ ಏಕಾದಶಿಗೊಮ್ಮೆ ಅಂಥವರೇ ನಲವತ್ತು ಮಂದಿ ಸೇರುತ್ತಿದ್ದರು. ತುಳಸಿಮಾಲೆ ಹಾಕಿಸಿಕೊಂಡವನು ಮತ್ತೆ ಕುಡಿಯುವಂತಿಲ್ಲ. ಭಜನೆಯಾದ ಮೇಲೆ ಒಬ್ಬೊಬ್ಬರೇ ಎದ್ದು, ತಾವು ಮಾಡಿದ್ದನ್ನು ವಿಠ್ಠಲನ ಮುಂದೆ ಎಲ್ಲರಿಗೂ ಕೇಳುವಂತೆ ಹೇಳಬೇಕು.

ನಾಲ್ಕನೆಯ ಏಕಾದಶಿಗೆ ಪ್ರಲ್ಹಾದ ಎದ್ದ. ಮಗಳ ಕಿವಿಯ ಮಾತು ಹೇಳಿ ಮುಗಿಸಿದ. ಯಾರೂ ಛೀ ಅನ್ನಲಿಲ್ಲ. ಸಾಲಾಗಿ ಬಂದು ಅಪ್ಪಿಕೊಂಡರು. ಅವನು ಅಷ್ಟು ಜನರ ನಡುವೆ ಕುಳಿತು ಬಿಕ್ಕಿ ಬಿಕ್ಕಿ ಅತ್ತ.

"ಇಲ್ಲಿ ಹೇಳೀದಿ, ಛಲೋ ಆತು," ಎಂದರು ಅಂಬಾದಾಸರು. "ಆ ಕೂಸಿಗೂ ಹೇಳು. ಅಲ್ಲೀತನಕ ಇದು ಅರ್ಧಾನ."

ಮರುದಿನ ಬೆಳಿಗ್ಗೆ ಅವನು ಮನೆಗೆ ಬಂದಾಗ ಪ್ರಾಚಿ ಕಾಲೇಜಿಗೆ ಹೊರಟು ಜಡೆ ಹೆಣೆದುಕೊಳ್ಳುತ್ತಿದ್ದಳು. "ತಂಗಿ," ಎಂದು ಮಗಳನ್ನು ಎಡಗಡೆಯಿಂದ ಕರೆದ. ಅವಳಿಗೆ ಕೇಳಿಸಲಿಲ್ಲ. ಸುತ್ತಿ ಬಲಗಡೆಗೆ ಬಂದು ನಿಂತ.

"ಏನಪ್ಪಾ?"

"ಏನಿಲ್ಲ. ಚಾ ಆಗೇತೇನು?"

ಮುಂದಿನ ಏಕಾದಶಿಗೆ ಅಂಬಾದಾಸರು, ಮಗಳಿಗೆ ಹೇಳಿದೆಯಾ ಎಂದು ಕೇಳಿಯೇ ಬಿಟ್ಟರು. ಎಲ್ಲರೂ ಅವನನ್ನೇ ನೋಡುತ್ತಿದ್ದರು.

"ಹೇಳೀನ್ರಿ ಮಹಾರಾಜ. ನನ್ನ ಮಗಳು ಕ್ಷಮಾ ಮಾಡ್ಯಾಳ."

ತಾಳಗಳು ಒಮ್ಮೆಲೇ ಮೊಳಗಿದವು. ಅಂದಿನಿಂದ, ಎದೆನೋವು ಬಂದು ಸಾಯುವವರೆಗೆ, ಪ್ರಲ್ಹಾದ ಒಂದು ಹನಿಯನ್ನೂ ಕುಡಿಯಲಿಲ್ಲ.

*

"ಜ್ವರ ಬಂದಿತ್ತು ಅಂದಿದ್ದಿಯಲ್ಲಬೇ?" ಪ್ರಾಚಿ ಅಡಿಗೆಮನೆಯ ಬಾಗಿಲು ಮುಂದಕ್ಕೆಳೆದು ಕೇಳಿದಳು.

ತುಳಸಾಬಾಯಿ ನೆಲ ನೋಡುತ್ತಿದ್ದಳು. "ನಿನ್ನ ಕಟಗೊಂಡು ಎಲ್ಲಿ ಹೋಗಬೇಕಿತ್ತು ನಾನು? ಅಂವನ್ನ ಕಂಡ್ರ ನೀ ಅಂಜಬಾರದು ಅಂತ ಜ್ವರ ಅಂದ್ನಿ. ಆಮ್ಯಾಲ ಅಂವ ಕುಡಿಯೂದು ಬಿಟ್ಟ. ಮನಿ ತಣ್ಣಗಾತು. ಮತ್ಯಾಕ ಕೆದರೂದು ಅಂತ ಸುಮ್ಮನಾದ್ನಿ."

"ಊರಿಗೆಲ್ಲಾ ಗೊತ್ತೈತಿ, ನನಗೊಬ್ಬಾಕಿಗಿಲ್ಲ. ನನ್ನ ಹೆಸರಿಲೆ ಕ್ಷಮಾನೂ ತಾನ ತಗೊಂಡಾನ."

"ಸತ್ತಾನವ್ವಾ. ಮಂದಿ ಮುಂದ ಏನೂ ಅನಬ್ಯಾಡ."

ಹೊರಗಿನಿಂದ ಕರೆ ಬಂತು. ಶವ ಎತ್ತುವ ಹೊತ್ತಾಗಿತ್ತು. ಅಂಬಾದಾಸ ಮಹಾರಾಜರು ತುಳಸಿದಳ ಹಾಕಿದ ತಂಬಿಗೆ ಹಿಡಿದು ನಿಂತಿದ್ದರು.

"ಬಾಯಿಗೆ ನೀರು ಮೊದಲ ಮಗಳು ಬಿಡಲಿ. ಕ್ಷಮಾ ಮಾಡಿದ ಕೈ ಅದು. ಪ್ರಲ್ಹಾದ ಸುಖಾಲೆ ಹೋಗ್ತಾನ."

"ಮಹಾರಾಜ, ನಾನು..." ಎಂದಳು ಪ್ರಾಚಿ.

ಎಲ್ಲರೂ ಅವಳತ್ತ ತಿರುಗಿದರು. ಗೌರಾಬಾಯಿಯ ಪಕ್ಕದಲ್ಲಿ ಅವಳ ಗಂಡ ನಿಂತಿದ್ದ. ಕೊರಳ ಮಾಲೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು, ಮೂಗು ಒರೆಸಿಕೊಳ್ಳದೆ ಅಳುತ್ತಿದ್ದ. ಗೌರಾಬಾಯಿ ಅವನ ಬೆನ್ನು ಸವರುತ್ತಿದ್ದಳು. ಪ್ರಾಚಿ ಕೈ ಚಾಚಿ ತಂಬಿಗೆ ತೆಗೆದುಕೊಂಡಳು.

"ನಾಕ ಹನಿ ಬಿಡು, ಸಾಕು," ಎಂದರು ಅಂಬಾದಾಸರು. ಭಜನೆ ಶುರುವಾಯಿತು.

ಅವಳು ಬಗ್ಗಿ ತಂದೆಯ ತುಟಿಗೆ ತಂಬಿಗೆ ಓರೆ ಮಾಡಿದಳು. ಬಾಯಿ ತುಂಬಿತು. ತುಳಸಿದಳ ತೇಲಿ ಗಲ್ಲದ ಮೇಲೆ ಇಳಿಯಿತು.

"ಸಾಕು ಬಿಡವ್ವಾ," ಎಂದಳು ತುಳಸಾಬಾಯಿ. ಅವಳು ಪ್ರಾಚಿಯ ಬಲಗಡೆಗೇ ಕುಳಿತಿದ್ದಳು.

ಪ್ರಾಚಿ ತಂಬಿಗೆ ಎತ್ತಲಿಲ್ಲ. ನೀರು ಗದ್ದದಿಂದ ಹಾರಕ್ಕೆ, ಹಾರದಿಂದ ಚಾಪೆಗೆ, ಚಾಪೆಯಿಂದ ನೆಲಕ್ಕೆ ಹರಿಯಿತು. ಸುತ್ತ ಕುಳಿತವರು ತಾಳ ನಿಲ್ಲಿಸದೆಯೇ ಒಬ್ಬೊಬ್ಬರಾಗಿ ಹಿಂದಕ್ಕೆ ಸರಿದು ಕುಳಿತರು.