ಒಂಬತ್ತು ಜೊತೆ ಯೂನಿಫಾರಂ

"ಮೂಸಲೇ! ಮೂಸಿ ಹೇಳು. ಇದು ಸೆಕ್ರೆಟ್ರಿ ಮೊಮ್ಮಗಳು ಮೈಮೇಲೆ ಹಾಕ್ಕಂಬಂಗೈತೇನಲೇ?"

ಹೆಡ್‌ಮಾಸ್ಟರು ಬೆತ್ತದ ತುದಿಯಲ್ಲಿ ನೀಲಿ ಚೂಡಿದಾರದ ಟಾಪೊಂದನ್ನು ಎತ್ತಿ, ಸತ್ತ ಹಾವನ್ನು ಎತ್ತಿದ ಹಾಗೆ, ಚಿತ್ರಲಿಂಗಪ್ಪನ ಮೂಗಿನ ಹತ್ತಿರ ತಂದಿದ್ದರು. ಚಿತ್ರಲಿಂಗಪ್ಪ ಮೂಸಿದ. ಸೋಪಿನ ವಾಸನೆ ಇತ್ತು, ಬಿಸಿಲಿನ ವಾಸನೆ ಇತ್ತು, ಒಲೆಯ ಹೊಗೆಯ ವಾಸನೆಯೂ ಒಂದಿಷ್ಟಿತ್ತು.

"ಒಗ್ದೇ ಕೊಟ್ಟವ್ರೆ ಸಾ."

"ನೀವು ಒಗದ್ರೇನು ಬಿಟ್ರೇನು, ನಾತ ಎಲ್ಲಿಗೋಗ್ತೈತೋ ಬೋಸುಡಿ ಮಗನೆ? ತಗಂಡೋಗು. ಡೆಟಾಲ್ ಹಾಕಿ ಇನ್ನೊಂದ್ಸಲ ಒಗೆಸು. ಇಸ್ತ್ರಿ ಮಾಡ್ಸು. ನಾಳೆ ಎಂಟು ಗಂಟಿಗೆ ಒಂಬತ್ತು ಜೊತೆನೂ ಈ ಮೇಜಿನ ಮೇಲಿರ್ಬೇಕು."

ಭಾನುವಾರದ ಮಧ್ಯಾಹ್ನ. ಶಾಲೆಯಲ್ಲಿ ಅವರಿಬ್ಬರೇ ಇದ್ದರು. ಚಿತ್ರಲಿಂಗಪ್ಪ ಬಟ್ಟೆಯ ಗಂಟನ್ನು ಮತ್ತೆ ಕಟ್ಟಿ ಹೆಗಲಿಗೇರಿಸಿಕೊಂಡ. ಆ ಶಾಲೆಯಲ್ಲಿ ಹನ್ನೊಂದು ವರ್ಷದಿಂದ ಕಸ ಹೊಡೆದು, ನೀರು ಹೊತ್ತು, ಮೇಷ್ಟ್ರುಗಳಿಗೆ ಟೀ ತಂದುಕೊಟ್ಟವನು. ಅವನನ್ನು ಕಾಯಂ ಮಾಡುವ ಕಾಗದ ಸೆಕ್ರೆಟ್ರಿ ನಿರಂಜನಪ್ಪನ ಟೇಬಲ್ಲಿನ ಮೇಲಿದೆ ಎಂದು ಹೆಡ್‌ಮಾಸ್ಟರು ಹನ್ನೊಂದು ವರ್ಷದಿಂದಲೂ ಹೇಳುತ್ತಿದ್ದರು.

ವಿಷಯ ಇಷ್ಟೇ. ಬೆಂಗಳೂರಿನ ಒಂದು ಸಂಸ್ಥೆಯವರು ಹಳ್ಳಿ ಕಡೆಯ ಕನ್ನಡ ಮೀಡಿಯಂ ಶಾಲೆಗಳಲ್ಲಿ ಹತ್ತನೇ ಕ್ಲಾಸಿನ ಮಕ್ಕಳಿಗೆ ಇಂಗ್ಲಿಷ್ ಪರೀಕ್ಷೆ ಇಟ್ಟಿದ್ದರು. ಪಾಠದ ಪುಸ್ತಕದಲ್ಲಿ ಇರುವ ಇಂಗ್ಲಿಷಲ್ಲ. ಹಿಂದೆ ಕಂಡಿರದ ಕಥೆ ಓದಿ ಅದರ ಒಳಗಿನದನ್ನು ಹೇಳುವ, ಸ್ವಂತ ಬುದ್ಧಿಯಿಂದ ಎರಡು ಪುಟ ಬರೆಯುವ ದೊಡ್ಡ ಇಂಗ್ಲಿಷು. ನೂರಕ್ಕೆ ಅರವತ್ತು ತೆಗೆದವರಿಗೆ ಚಿತ್ರದುರ್ಗದ ಕಾಲೇಜಿನಲ್ಲಿ ಎರಡು ವರ್ಷ ಓದು, ಊಟ, ಹಾಸ್ಟೆಲ್ಲು ಎಲ್ಲಾ ಪುಕ್ಕಟೆ. ನಿರಂಜನಪ್ಪ ಈ ಶಾಲೆಗೆ ಸೆಕ್ರೆಟ್ರಿ. ಹೊಸದುರ್ಗದಲ್ಲಿ ಅವನದೇ ಒಂದು ಇಂಗ್ಲಿಷ್ ಕಾನ್ವೆಂಟೂ ಇತ್ತು. ಕಾನ್ವೆಂಟಿನಿಂದ ಒಂಬತ್ತು ಮಕ್ಕಳು, ಅವನ ಮೊಮ್ಮಗಳೂ ಸೇರಿ, ಇಲ್ಲಿ ಬಂದು ಕೂರಬೇಕು, ಇಲ್ಲಿನ ಎ.ಕೆ. ಕಾಲೋನಿಯ ಒಂಬತ್ತು ಮಕ್ಕಳು ಮನೆಯಲ್ಲಿರಬೇಕು. ಹಾಜರಿ ಪುಸ್ತಕವನ್ನು ಹೆಡ್‌ಮಾಸ್ಟರು ಹೊಸದಾಗಿ ಬರೆದಿದ್ದರು. ಇಂಗ್ಲಿಷ್ ಮೇಡಮ್ಮನ್ನು ಯಾವುದೋ ಟ್ರೈನಿಂಗಿಗೆಂದು ಕಳಿಸಿಯೂ ಆಗಿತ್ತು. ಉಳಿದದ್ದು ಯೂನಿಫಾರಂ ಒಂದೇ.

ಅದನ್ನು ತರುವ ಕೆಲಸ ಚಿತ್ರಲಿಂಗಪ್ಪನ ಪಾಲಿಗೆ ಬಂತು. ಯಾಕೆಂದರೆ ಅವನ ಮನೆತನದ್ದು ಸಾರುವ ಕೆಲಸ. ಕೆರೆಯ ತೂಬು ಎತ್ತುವ ದಿನ, ಮಾರಮ್ಮನಿಗೆ ಮೀಸಲು ಕಟ್ಟುವ ದಿನ, ಅವನ ಅಜ್ಜ, ಅಪ್ಪ ಬೀದಿ ಬೀದಿ ನಿಂತು ಕೂಗಿ ಹೇಳಿದವರು. ಸಾರಲು ಹೊರಡುವ ಮುಂಚೆ ಮಾರಮ್ಮನ ಗುಡಿಯ ಮುಂದಿನ ಕಲ್ಲನ್ನು ಮುಟ್ಟಿ ಹಣೆಗೆ ಒತ್ತಿಕೊಳ್ಳುವುದು ಆ ಮನೆಯ ನೇಮ. ಕಲ್ಲು ಮುಟ್ಟಿ ಹೊರಟ ಮೇಲೆ ಬಾಯಲ್ಲಿ ಬರುವುದು ತನ್ನ ಮಾತಲ್ಲ, ತಾಯಿಯ ಮಾತು. ಅದಕ್ಕೆ ಎದುರು ಪ್ರಶ್ನೆ ಕೇಳುವವರು ಕಾಲೋನಿಯಲ್ಲಿ ಇನ್ನೂ ಹುಟ್ಟಿರಲಿಲ್ಲ.

ಶನಿವಾರ ಸಂಜೆ ಅವನು ಗುಡಿಯ ಮುಂದೆ ಹಾಯುವಾಗ ತಲೆ ತಗ್ಗಿಸಿಕೊಂಡೇ ನಡೆದಿದ್ದ. ಆದರೆ ನಲವತ್ತು ವರ್ಷದ ರೂಢಿ. ಕೈ ತಾನಾಗಿಯೇ ಹೋಗಿ ಕಲ್ಲನ್ನು ಮುಟ್ಟಿತು, ತಾನಾಗಿಯೇ ಹಣೆಗೆ ಬಂತು. ಬೆಂಕಿ ತಾಗಿದವನಂತೆ ಕೈ ಕೊಡವಿಕೊಂಡ. ಮುಟ್ಟಿದ್ದು ಮುಟ್ಟಿಯಾಗಿತ್ತು. ತಿರುಗಿ ಮನೆಗೆ ಹೋಗಿಬಿಡಬಹುದಿತ್ತು. ಹೋಗಲಿಲ್ಲ.

"ಹತ್ನೇ ಕ್ಲಾಸಿನ ಮಕ್ಳ ಯೂನಿಫಾರಂ ಕೊಡ್ರಪ್ಪೋ! ಹೊಸಾ ಜೊತೆ ಹೊಲಿಸ್ತಾರಂತೆ, ಅಳತೆ ಬೇಕಂತೆ! ಸೋಮಾರ ಇಸ್ಕೂಲಿಲ್ಲ, ಟೆಸ್ಟು ಗುರುವಾರಕ್ಕೆ ಹೋಗೈತೆ!"

ಕೊನೆಗೆ ಅಣ್ಣ ಎರ್ರಿಸ್ವಾಮಿಯ ಬಾಗಿಲಿಗೆ ಬಂದ. ಅಣ್ಣನ ಮಗಳು ತೇಜಸ್ವಿನಿ ಕಟ್ಟೆಯ ಮೇಲೆ ಪುಸ್ತಕ ಹರವಿಕೊಂಡು ಕೂತಿದ್ದಳು. ಆರು ತಿಂಗಳಿಂದ ಆ ಹುಡುಗಿ ಕುರಿಮರಿಯ ಜೊತೆಗೂ ಇಂಗ್ಲಿಷಿನಲ್ಲೇ ಮಾತಾಡುತ್ತಾಳೆ ಎಂದು ಕಾಲೋನಿಯಲ್ಲಿ ನಗೆಯಾಡುತ್ತಿದ್ದರು.

"ಗುರುವಾರಕ್ಕಾ? ಬೋರ್ಡ್ ಮ್ಯಾಲೆ ಸೋಮಾರ ಅಂತ ಬರ್ದಿದ್ರಲ್ಲ ಚಿಗಪ್ಪ?"

"ಅದು... ಮುಂದಕ್ಕೋಗೈತೆ ಕಣವ್ವ."

"ಯಾರೇಳಿದ್ರು?"

ಒಳಗಿನಿಂದ ಅವಳ ತಾಯಿ ಬರಗೇರಮ್ಮ ಗದರಿದಳು. "ಏ ಹಲ್ಕಾ ಮುಂಡೇದೇ, ಸಾರಕ್ಕೆ ಬಂದೋನ್ನ ಪೋಲೀಸಪ್ಪನಂಗೆ ಕೇಳ್ತೀಯಲ್ಲೇ. ಲಿಂಗಣ್ಣ, ಈಗ್ಲೇ ಬ್ಯಾಡ, ನಾಳಿಕ್ಕೆ ಒಗ್ದು ಕೊಡ್ತೀನಿ. ಅಳತೆ ತಗಣೋರು ಮುಟ್ಟಕ್ಕೆ ಅಸಹ್ಯ ಪಡಬಾರ್ದಲ್ಲ."

ಒಂಬತ್ತು ಮನೆಯವರೂ ಹಾಗೆಯೇ ಒಗೆದು, ಮಡಿಚಿ, ಕೈಗೆ ಕೊಟ್ಟರು.

ಭಾನುವಾರ ಸಂಜೆ ನಿರಂಜನಪ್ಪನ ತೋಟದ ಮೇಸ್ತ್ರಿ ಕಾಲೋನಿಗೆ ಬಂದು, "ನಾಳೆ ಈರುಳ್ಳಿ ಕೀಳಕ್ಕೆ ಬರ್ರಿ, ಮಕ್ಳನ್ನೂ ಕರ್ಕಂಬರ್ರಿ, ಹೆಂಗೂ ಇಸ್ಕೂಲಿಲ್ಲ," ಎಂದು ಕೂಗಿ ಹೋದ. ಶಾಲೆ ಇಲ್ಲವೆಂಬುದು ಮೇಸ್ತ್ರಿಗೆ ಹೇಗೆ ಗೊತ್ತು ಎಂದು ಯಾರೂ ಕೇಳಲಿಲ್ಲ. ಚಿತ್ರಲಿಂಗಪ್ಪ ತನ್ನ ಹಿತ್ತಲಲ್ಲಿ ಡೆಟಾಲಿನ ನೀರಿಗೆ ಬಟ್ಟೆ ಅದ್ದುತ್ತಾ ಕೂತಿದ್ದ. ಹೆಂಡತಿ ಬೋರಕ್ಕ ಬಂದು ನಿಂತಳು.

"ಅಳತೆಗೆ ಕೊಡೋ ಬಟ್ಟಿಗೆ ಯಾತಕ್ಕೆ ಇಷ್ಟು ಆರೈಕೆ?"

ಅವನು ಇನ್ನೊಂದು ಟಾಪನ್ನು ನೀರಿಗೆ ಅದ್ದಿದ.

"ನಿನ್ನೇ ಕೇಳಿದ್ದು. ಬಾಯಾಗೆ ಏನು ಇಟ್ಕಂಡೀಯ?"

"ಒಳಿಕ್ಕೋಗೇ," ಎಂದ. ಆ ದಿನ ಅವನು ಗುಡಿಯ ಕಡೆ ದೀಪ ಹಚ್ಚಲು ಹೋಗಲಿಲ್ಲ. ಬೋರಕ್ಕ ಹಚ್ಚಿ ಬಂದಳು. ಅದನ್ನೂ ಅವನು ತಿರುಗಿ ನೋಡಲಿಲ್ಲ.

*

ಸೋಮವಾರ ಎಂಟೂವರೆಗೆ ಕಾನ್ವೆಂಟಿನ ವ್ಯಾನು ಶಾಲೆಯ ಹಿಂಬಾಗಿಲಿಗೆ ಬಂತು. ಮಕ್ಕಳು ಮೂಗು ಮುರಿಯುತ್ತಾ ಬಟ್ಟೆ ಬದಲಿಸಿಕೊಂಡರು. ಊರಿನ ಉಳಿದ ಇಪ್ಪತ್ತೊಂದು ಮಕ್ಕಳಿಗೆ, "ಬಾಯ್ಬಿಟ್ರೆ ಟಿಸಿ ಕೊಟ್ಟು ಕಳಿಸ್ತೀನಿ," ಎಂದು ಹೆಡ್‌ಮಾಸ್ಟರು ಪ್ರಾರ್ಥನೆಯಲ್ಲೇ ಹೇಳಿಬಿಟ್ಟಿದ್ದರು. ಹತ್ತಕ್ಕೆ ಸರಿಯಾಗಿ ಸಂಸ್ಥೆಯ ಮೇಡಂ, ಸರ್ವಮಂಗಳ ಎಂದು ಹೆಸರು, ಪೇಪರಿನ ಕಟ್ಟು ಹಿಡಿದು ಬಂದರು. ಬಿಳಿ ಕೂದಲು, ದಪ್ಪ ಕನ್ನಡಕ. ಪರೀಕ್ಷೆ ಶುರುವಾಯಿತು.

ಚಿತ್ರಲಿಂಗಪ್ಪ ನೀರಿನ ಲೋಟಗಳ ತಟ್ಟೆ ಹಿಡಿದು ಸಾಲಿನ ನಡುವೆ ಹೋದ. ಮೂರನೇ ಬೆಂಚಿನಲ್ಲಿ ಸೆಕ್ರೆಟ್ರಿಯ ಮೊಮ್ಮಗಳು ಕೂತಿದ್ದಳು. ಅವಳ ಎಡ ಕಂಕುಳ ಕೆಳಗೆ ನೀಲಿ ಬಟ್ಟೆಗೆ ಬಿಳಿ ದಾರದ ಹೊಲಿಗೆ. ಬರಗೇರಮ್ಮ ನೀಲಿ ದಾರ ಸಿಗದೆ ಹಾಕಿದ ಹೊಲಿಗೆ ಅದು. ಹುಡುಗಿ ನೀರು ಕುಡಿದು, ಲೋಟ ಇಡುತ್ತಾ ಮೆಲ್ಲಗೆ ಕೇಳಿದಳು.

"ಅಂಕಲ್, ಇದನ್ನ ಹಾಕ್ಕೊಳೋ ಹುಡುಗಿ ಇವತ್ತು ಏನು ಹಾಕ್ಕೊಂಡಿದಾಳೆ?"

ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ಮಗು ಮಗುವನ್ನು ವಿಚಾರಿಸಿದ್ದು. ಈಗ ತೇಜಸ್ವಿನಿಯ ಮೈಮೇಲೆ ಅವಳಪ್ಪನ ಹರಕು ಅಂಗಿ ಇರುತ್ತದೆ. ಈರುಳ್ಳಿ ಕೀಳುವಾಗ ಹೆಣ್ಣುಮಕ್ಕಳೆಲ್ಲ ಲಂಗದ ಮೇಲೆ ಗಂಡಸರ ಅಂಗಿ ತೊಟ್ಟುಕೊಳ್ಳುತ್ತಾರೆ. ಅದನ್ನು ಈ ಮಗುವಿಗೆ ಹೇಗೆ ಹೇಳುವುದು? ಚಿತ್ರಲಿಂಗಪ್ಪ ತಟ್ಟೆಯನ್ನು ಕಿಟಕಿಯ ಮೇಲಿಟ್ಟ. ಹೊರಗೆ ಬಂದ. ಸೈಕಲ್ ಹತ್ತಿದ.

ಶ್ರೀರಾಂಪುರದ ರಸ್ತೆಯಲ್ಲಿ ಎರಡು ಮೈಲಿ ದೂರಕ್ಕೆ ನಿರಂಜನಪ್ಪನ ಈರುಳ್ಳಿ ಹೊಲ. ದಾರಿಯುದ್ದಕ್ಕೂ ಅವನು ಮಾರಮ್ಮನ ಹೆಸರು ಹೇಳಲು ನೋಡಿದ. ನಾಲಿಗೆಗೆ ಬರಲಿಲ್ಲ.

ಹೊಲದಲ್ಲಿ ಮಕ್ಕಳೆಲ್ಲ ಸಾಲು ಹಿಡಿದು ಕೀಳುತ್ತಿದ್ದರು. ತೇಜಸ್ವಿನಿ ಒಂದೊಂದು ಗಡ್ಡೆ ಕಿತ್ತಾಗಲೂ ಒಂದೊಂದು ಇಂಗ್ಲಿಷ್ ಮಾತು ಹೇಳುತ್ತಿದ್ದಳು. ಪಕ್ಕದ ಸಾಲಿನಲ್ಲಿದ್ದ ಅವಳ ಕ್ಲಾಸಿನ ಯಶೋದಾ ಅದನ್ನೇ ತಪ್ಪುತಪ್ಪಾಗಿ ಒದರಿ ಎಲ್ಲರನ್ನೂ ನಗಿಸುತ್ತಿದ್ದಳು. ಸೈಕಲ್ ಬಿಸಾಕಿ ಬಂದವನನ್ನು ಕಂಡು ನಗೆ ನಿಂತಿತು.

"ಟೆಸ್ಟು ಇವತ್ತೇ," ಎಂದ ಚಿತ್ರಲಿಂಗಪ್ಪ. "ಈಗ ನಡೀತಾ ಐತೆ. ನಾನು ಸುಳ್ಳು ಸಾರ್ದೆ. ನಿಮ್ಮ ಬಟ್ಟೆ ಹಾಕ್ಕಂಡು ಕಾನ್ವೆಂಟಿನ ಮಕ್ಳು ಬರೀತಾವ್ರೆ."

ಕಿತ್ತ ಈರುಳ್ಳಿಯ ಎಲೆದಂಟು ಕೊಯ್ಯುತ್ತಿದ್ದ ಬರಗೇರಮ್ಮ ಕುಡುಗೋಲು ಹಿಡಿದೇ ಎದ್ದಳು.

"ಏನಂದಿ?"

"ಹೌದು ಅತ್ಗೆ."

"ಕಲ್ಲು ಮುಟ್ಟಿ ಬಂದು ಸುಳ್ಳೇಳಿದ್ಯೇನೋ? ಥೂ ನಿನ್ನ ಮಕಕ್ಕೆ ನನ್ನ ಎಕ್ಕಡ ಬಡಿಯ! ಇರುಳೆಲ್ಲಾ ದೀಪದ ಮುಂದೆ ಕುಂತು ಓದೈತಲ್ಲೋ ನನ್ನ ಕೂಸು! ಆ ಸೆಕ್ರೆಟ್ರಿ ಕಾಲಿನ ಧೂಳು ನೆಕ್ಕಕ್ಕೆ ನಮ್ಮ ಮಕ್ಳೇ ಬೇಕಾಗಿತ್ತೇನೋ ಸೂಳೆಮಗನೆ?"

ಬೈಗುಳ ಮೈಮೇಲೆ ಬಿದ್ದಷ್ಟೂ ಅವನಿಗೆ ಉಸಿರಾಡಲು ಬಂತು. ಇನ್ನೂ ಬೈಯಲಿ ಎಂದು ನಿಂತ. ತೇಜಸ್ವಿನಿ ಬೈಯಲಿಲ್ಲ. ಅವನ ಮುಖವನ್ನೂ ನೋಡಲಿಲ್ಲ. ಕೈಯ ಮಣ್ಣನ್ನು ಲಂಗಕ್ಕೆ ಒರೆಸಿಕೊಂಡಳು.

"ಎಷ್ಟೊತ್ತಿಗೆ ಮುಗಿತೈತೆ?"

"ಹನ್ನೆರಡೂವರಿಗೆ."

ಅವಳು ಓಡಿದಳು. ಅವಳ ಹಿಂದೆ ಯಶೋದಾ ಓಡಿದಳು. ಉಳಿದ ಏಳು ಮಕ್ಕಳೂ ಓಡಿದರು. "ಲೇ, ಯಾರ್ಲೇ ಅದು, ಸಾಲು ಬಿಟ್ಟು ಹೋಗೋರು?" ಎಂದು ಮೇಸ್ತ್ರಿ ಬದುವಿನಿಂದ ಅರಚುತ್ತಿದ್ದ.

*

ಗೇಟಿನಲ್ಲಿ ಹೆಡ್‌ಮಾಸ್ಟರು ಎರಡೂ ಕೈ ಅಗಲಿಸಿ ನಿಂತರು. ಕಿರುಚುವಂತಿರಲಿಲ್ಲ, ಒಳಗೆ ಮೇಡಂ ಇದ್ದರು. ಹಲ್ಲು ಕಚ್ಚಿಕೊಂಡು, "ಹೋಗ್ರಲೇ ದರಿದ್ರದವೇ, ಈ ವೇಷದಾಗೆ ಇಸ್ಕೂಲಿಗೆ ಬರ್ತೀರೇನ್ರಲೇ?" ಎಂದು ಬೆತ್ತ ಬೀಸಿದರು. ಏಟು ಯಶೋದಾಳ ಮೊಣಕೈಗೆ ಬಿತ್ತು. ಅವಳು ಕೂಗಿದ ಕೂಗಿಗೆ ಸರ್ವಮಂಗಳ ಮೇಡಂ ವರಾಂಡಕ್ಕೆ ಬಂದರು.

"ಯಾರಿವರು?"

"ಕೂಲಿ ಮಕ್ಕಳು ಮೇಡಂ. ಶಾಲೆ ಬಿಟ್ಟವರು. ಬಿಸಿಯೂಟದ ಹೊತ್ತಿಗೆ ಬರ್ತಾವೆ, ಏನು ಮಾಡೋಣ ಹೇಳಿ..."

ತೇಜಸ್ವಿನಿ ಹೆಡ್‌ಮಾಸ್ಟರ ಕೈಯ ಕೆಳಗೆ ನುಗ್ಗಿ ಮೇಡಂ ಮುಂದೆ ನಿಂತಳು. ಏದುಸಿರು. ಕೆನ್ನೆಯ ಮೇಲೆ ಕೆಂಪು ಮಣ್ಣು. ಇಂಗ್ಲಿಷಿನಲ್ಲಿ ಮಾತಾಡಿದಳು. ಉದ್ದಕ್ಕೆ, ನಿಲ್ಲಿಸದೆ ಮಾತಾಡಿದಳು. ಒಮ್ಮೆ ಒಳಗಿನ ಬೆಂಚಿನ ಕಡೆ ಕೈ ತೋರಿಸಿದಳು, ಒಮ್ಮೆ ಹೊಲದ ಕಡೆ, ಒಮ್ಮೆ ಚಿತ್ರಲಿಂಗಪ್ಪನ ಕಡೆ. ಅವನಿಗೆ ಒಂದಕ್ಷರವೂ ತಿಳಿಯಲಿಲ್ಲ. ತನ್ನ ಕಡೆ ಕೈ ಬಂದಾಗ ಮಾತ್ರ ತಲೆ ತಗ್ಗಿತು. ಮೇಡಂ ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡರು.

"ಈ ಹುಡುಗಿ ಹೇಳ್ತಿರೋದು ನಿಜವೇನಪ್ಪ?" ಎಂದು ಅವನನ್ನು ಕನ್ನಡದಲ್ಲಿ ಕೇಳಿದರು.

ಹೆಡ್‌ಮಾಸ್ಟರು ಅವನನ್ನು ನೋಡಿದರು. ಆ ನೋಟದಲ್ಲಿ ಹನ್ನೊಂದು ವರ್ಷದ ಕಾಗದ ಇತ್ತು.

"ಅವ್ಳೇನು ಹೇಳಿದ್ಲೋ ತಿಳೀದು ತಾಯಿ," ಎಂದ ಚಿತ್ರಲಿಂಗಪ್ಪ. "ಅವ್ಳು ಸುಳ್ಳು ಹೇಳಲ್ಲ. ಹೇಳಿದೋನು ನಾನು."

ಮೇಡಂ ಕನ್ನಡಕ ಮತ್ತೆ ಹಾಕಿಕೊಂಡರು. ಒಳಗೆ ಹೋಗಿ ಬಂದರು. ಕೈಯಲ್ಲಿ ಒಂದು ಪೇಪರಿತ್ತು.

"ಮೂವತ್ತೊಂದು ತಂದಿದ್ದೆ, ಒಂದೇ ಉಳಿದಿರೋದು. ಇದರ ಬಗ್ಗೆ ನಾನು ಬರೆದು ಕಳಿಸ್ತೀನಿ, ಏನಾಗುತ್ತೋ ಗೊತ್ತಿಲ್ಲ. ಇನ್ನೊಂದು ದಿನ ಪರೀಕ್ಷೆ ಮಾಡೋ ಅಧಿಕಾರ ನನಗಿಲ್ಲ. ಗಂಟೆ ಹೊಡೆಯೋವರೆಗೂ ಬರೀಬಹುದು, ಹೊಡೆದ ಮೇಲೆ ಒಂದು ನಿಮಿಷವೂ ಇಲ್ಲ." ಒಂಬತ್ತು ಮಕ್ಕಳನ್ನು ನೋಡಿದರು. "ಯಾರು ಬರೀತೀರಿ?"

ಎಂಟು ಮಕ್ಕಳು ತೇಜಸ್ವಿನಿಯನ್ನು ನೋಡಿದರು. ಅವಳು ಪೇಪರ್ ತೆಗೆದುಕೊಳ್ಳಲಿಲ್ಲ. ಯಶೋದಾಳೇ ಅವಳ ಬೆನ್ನಿಗೆ ಕೈ ಇಟ್ಟು ಮುಂದಕ್ಕೆ ತಳ್ಳಿದಳು. "ಹೋಗೇ."

ಆಗ ಹನ್ನೆರಡಕ್ಕೆ ಐದು ನಿಮಿಷ ಬಾಕಿ.

*

ಶಾಲೆಯ ಗಂಟೆ ಎಂದರೆ ಬೇವಿನ ಮರಕ್ಕೆ ತೂಗುಹಾಕಿದ ರೈಲುಕಂಬಿಯ ತುಂಡು. ಅದರ ಬುಡದಲ್ಲಿ ಚಿತ್ರಲಿಂಗಪ್ಪ ಕುಕ್ಕರಗಾಲಿನಲ್ಲಿ ಕೂತ. ಎಂಟು ಮಕ್ಕಳು ಎದುರಿಗೆ ಕೂತರು. ಕಿಟಕಿಯಲ್ಲಿ ತೇಜಸ್ವಿನಿಯ ಬಗ್ಗಿದ ತಲೆ ಕಾಣುತ್ತಿತ್ತು. ಬರೆಯುತ್ತಿದ್ದಳು. ಏನು ಬರೆಯುತ್ತಿದ್ದಳೋ, ಸರಿಯೋ ತಪ್ಪೋ, ಅರವತ್ತು ಬರುತ್ತದೋ ಇಲ್ಲವೋ, ಅವನಿಗೆ ತಿಳಿಯುವ ದಾರಿ ಇರಲಿಲ್ಲ.

ಹನ್ನೆರಡೂವರೆಯಾಯಿತು. ಹೆಡ್‌ಮಾಸ್ಟರು ವರಾಂಡದಿಂದ ಕೈಸನ್ನೆ ಮಾಡಿದರು. ಅವನು ನೋಡಿದ, ಏಳಲಿಲ್ಲ. ಅವರು ದಡದಡ ಇಳಿದು ಬಂದರು.

"ಹೊಡಿಯಲೇ."

ಚಿತ್ರಲಿಂಗಪ್ಪ ಬಡಿಯುವ ಕಬ್ಬಿಣದ ಸರಳನ್ನು ಮಡಿಲಿಗೆ ಎಳೆದುಕೊಂಡು ಎರಡೂ ಕೈಯಲ್ಲಿ ಹಿಡಿದ.

"ಕಿವಿ ಕೇಳ್ಸಲ್ಲೇನಲೇ? ಟೈಮಾಯ್ತು ಹೊಡಿ!"

"ಇಲ್ಲ ಸಾ."

"ನಾಳೆಯಿಂದ ಈ ಗೇಟಿನೊಳಗೆ ಕಾಲಿಟ್ರೆ ಕಾಲು ಮುರಿಸ್ತೀನಿ, ಬೇವರ್ಸಿ! ಕೊಡಿಲ್ಲಿ!"

ಹೆಡ್‌ಮಾಸ್ಟರು ಬಗ್ಗಿ ಸರಳಿಗೆ ಕೈ ಹಾಕಿ ಎಳೆದರು. ಬರಲಿಲ್ಲ. ಬೆತ್ತದಿಂದ ಅವನ ಬೆರಳಿನ ಗೆಣ್ಣಿಗೆ ಹೊಡೆದರು. ಒಂದು, ಎರಡು. ಬೆರಳು ಬಿಡಲಿಲ್ಲ. ಒಳಗೆ ಮೇಡಂ ಗಡಿಯಾರ ನೋಡಿ, ಹೊರಗೆ ಮರದ ಕಡೆ ನೋಡಿ, ಮತ್ತೆ ಕುರ್ಚಿಯಲ್ಲಿ ಕೂತರು. ರಸ್ತೆಯ ಕಡೆಯಿಂದ ನಿರಂಜನಪ್ಪನ ಜೀಪು ಹಾರ್ನ್ ಒತ್ತುತ್ತಾ ಬರುವುದು ಕೇಳಿಸಿತು. ಹೆಡ್‌ಮಾಸ್ಟರು ಬೆತ್ತ ಕೆಳಗಿಟ್ಟು ಗೇಟಿನ ಕಡೆ ಓಡಿದರು.

ಯಶೋದಾ ಊದಿಕೊಂಡ ಮೊಣಕೈ ತಿಕ್ಕಿಕೊಳ್ಳುತ್ತಾ ಅವನನ್ನೇ ನೋಡುತ್ತಿದ್ದಳು.

"ಚಿಗಪ್ಪ," ಎಂದಳು. "ನಾನೂ ಓದಿದ್ದೆ."

ಅವನು ಸರಳನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡ. ಆ ಹುಡುಗಿಯ ಮುಖ ನೋಡಲಾರದೆ ನೆಲ ನೋಡಿದ. ನೆಲದ ಮೇಲೆ ಹದಿನಾರು ಬರಿಗಾಲುಗಳಿದ್ದವು.