ಸಾಲಿನ ಕೊನೆಗಿದ್ದ ಎಮ್ಮೆ

ಕೃಷ್ಣಾ ನದಿಗೆ ಇನ್ನೂ ಸೇತುವೆ ಇರದ ಕಾಲದಲ್ಲಿ ಒಬ್ಬ ಗೌಡ ಇದ್ದನಂತೆ. ವರ್ಷಕ್ಕೊಮ್ಮೆ ಊರಿಗೆಲ್ಲ ಗೋಧಿ ಹುಗ್ಗಿಯ ಊಟ ಹಾಕಿಸುತ್ತಿದ್ದನಂತೆ. ಬಡಿಸುವವರು ಗೌಡನ ಎಲೆಯಿಂದ ಶುರುಮಾಡಿ ಬರುತ್ತಿದ್ದರು. ಪಂಕ್ತಿಯ ಬಾಲದಲ್ಲಿ ಕೂತ ಮುದುಕಿಯ ಹತ್ತಿರ ಬರುವಷ್ಟರಲ್ಲಿ ಹಂಡೆ ಖಾಲಿ. "ಏನ್ ಮಾಡೂದಬೇ, ಹಂಡೇನ ಸಣ್ಣದೈತಿ" ಅನ್ನುತ್ತಿದ್ದರು. ಹನ್ನೆರಡು ವರ್ಷ ಒಣ ಎಲೆ ಮಡಚಿ ಎದ್ದ ಮುದುಕಿ, ಹದಿಮೂರನೆಯ ವರ್ಷ ಏನು ಮಾಡಿದಳು?

ಅಜ್ಜಿ ಅಕ್ಕುತಾಯಿ ಕಥೆಯನ್ನು ಅಲ್ಲಿಗೇ ನಿಲ್ಲಿಸಿ, "ನೀ ಇದ್ದಿದ್ರ ಏನ್ ಮಾಡ್ತಿದ್ದಿ, ಹೇಳು" ಎಂದು ಕೇಳುತ್ತಿದ್ದಳು. ಮೊಮ್ಮಗಳು ಚಂದ್ರಮತಿ ಅಷ್ಟೊತ್ತಿಗೆ ನಿದ್ದೆಗೆ ಜಾರಿರುತ್ತಿದ್ದಳು.

ಆ ಮೊಮ್ಮಗಳಿಗೆ ಈಗ ಇಪ್ಪತ್ತಮೂರು ವರ್ಷ. ಸಾವಿರದ ಒಂಬೈನೂರ ತೊಂಬತ್ತೈದನೆಯ ಇಸವಿ. ಚಿಕ್ಕೋಡಿಯ ಹಾಲು ಒಕ್ಕೂಟದ ಕಚೇರಿಯಲ್ಲಿ ಇದ್ದ ಒಂದೇ ಕಂಪ್ಯೂಟರು ಅವಳ ಕೈಯಲ್ಲಿತ್ತು. ಆ ಮಳೆಗಾಲಕ್ಕೆ ಅಥಣಿ ಕಡೆ ದನಗಳಿಗೆ ಕಾಲುಬಾಯಿ ಬೇನೆ ಎದ್ದಿತು. ಲಸಿಕೆ ಕಳಿಸುತ್ತೇವೆ, ಆದರೆ ಪಟ್ಟಿಯಲ್ಲಿ ಹೆಸರಿದ್ದ ದನಕ್ಕೆ ಮಾತ್ರ ಎಂದು ಮೇಲಿನ ಕಚೇರಿಯಿಂದ ಕಾಗದ ಬಂತು. ಪಟ್ಟಿ ಅವರ ಕಂಪ್ಯೂಟರಿನಲ್ಲಿ ತೆರೆಯುವಂಥ ಎಕ್ಸೆಲ್ ಹಾಳೆಯಾಗಿ, ಫ್ಲಾಪಿಯಲ್ಲಿ ಬರಬೇಕಂತೆ.

ಅದೇ ವಾರ ಐನಾಪುರದ ಹೊರಗಿನ ಕುರಿಗಾರರ ವಸ್ತಿಯಿಂದ ಸತ್ತೆವ್ವ ಎರಡು ಬಸ್ಸು ಬದಲಿಸಿ ಬಂದಳು. ಅವಳಿಗಿದ್ದದ್ದು ಒಂದೇ ಎಮ್ಮೆ.

"ತಂಗೀ, ನಮ್ಮ ಬಿಜಲಿ ಹೆಸರ ಐತೇನ ನೋಡು."

"ಎಮ್ಮಿಗಿ ಬಿಜಲಿ, ಮಿಂಚು ಅಂತ ಯಾರ ಇಟ್ರ ಯಕ್ಕಾ?"

"ನಾನ ಇಟ್ಟೇನಿ. ನಡೀಲಿಕ್ಕೆ ಆಮಿ ಇದ್ಹಂಗ ಅದಾಳ. ಹೆಸರರ ಜೋರ ಇರಲಿ ಅಂತ."

ಚಂದ್ರಮತಿ ನಕ್ಕು, ಹುಡುಕಿ ತೋರಿಸಿದಳು: ಹದಿನೇಳು ಸಾವಿರದ ಆರುನೂರ ನಲವತ್ತನೆಯ ನಂಬರು. "ಬಿಜಲಿಗಿ ಸೂಜಿ ಬೀಳೂತನಾ ನಾ ಬಿಡಂಗಿಲ್ಲ, ಹೋಗ್ ಯಕ್ಕಾ" ಎಂದು ಮಾತು ಕೊಟ್ಟುಬಿಟ್ಟಳು.

ಒಕ್ಕೂಟದ ದನಗಳೆಲ್ಲ ಬೇರೊಂದು ಹಳೆಯ ಪ್ರೋಗ್ರಾಮಿನಲ್ಲಿದ್ದವು. ಹದಿನೇಳು ಸಾವಿರದ ಒಂಬೈನೂರ ಹನ್ನೆರಡು ಹೆಸರನ್ನು ಮತ್ತೆ ಟೈಪು ಮಾಡುವಷ್ಟರಲ್ಲಿ ಬೇನೆ ಬಂದು ಹೋಗಿರುತ್ತಿತ್ತು. ಅದಕ್ಕೆ ಚಂದ್ರಮತಿ ಒಂದು ಲೈಬ್ರರಿ ತರಿಸಿದಳು. ಪುಸ್ತಕದ ಕಪಾಟಲ್ಲ, ಇನ್ಯಾರೋ ಬರೆದಿಟ್ಟ ಪ್ರೋಗ್ರಾಮಿನ ತುಂಡುಗಳ ಗಂಟು. ಇಷ್ಟನೇ ಸಾಲಿಗೆ ಈ ಹೆಸರು ಎಂದು ಹೇಳಿದರೆ ಎಕ್ಸೆಲ್ ಫೈಲನ್ನು ಅದೇ ಬರೆಯುತ್ತದೆ. ಬರೆಯುವುದು ನಾವು ಓದುವ ಅಕ್ಷರದಲ್ಲಲ್ಲ, ಯಂತ್ರ ಓದುವ ಬೈಟುಗಳಲ್ಲಿ. ಹಾಳೆಯ ಪ್ರತಿ ಚೌಕದ ಮನೆಗೂ ಮೊದಲು ಇದು ಎಂಥದ್ದು, ಎಷ್ಟು ಉದ್ದ, ಯಾವ ಸಾಲು ಎಂದು ಬರೆದು, ಆಮೇಲೆ ಒಳಗಿನ ಮಾತು. ಒಂದು ಬೈಟು ತಪ್ಪಿದರೂ ಇಡೀ ಫೈಲು ಹಲ್ಲು ಕಚ್ಚಿ ಕೂತುಬಿಡುತ್ತದೆ. ಒಂಬತ್ತು ದಿನ ಹಾಗೆಯೇ ಕೂತಿತು.

ಹತ್ತನೆಯ ದಿನ ತೆರೆಯಿತು. ಚಂದ್ರಮತಿ ಕುಣಿಯುವುದೊಂದು ಬಾಕಿ. ಬಿಜಲಿಯನ್ನು ನೋಡೋಣವೆಂದು ಹಾಳೆಯ ತಳಕ್ಕಿಳಿದರೆ, ಬಿಜಲಿ ಇಲ್ಲ! ಹದಿನಾರು ಸಾವಿರದ ಮುನ್ನೂರ ಎಂಬತ್ತನಾಲ್ಕನೆಯ ಸಾಲಿಗೆ ಹಾಳೆಯೇ ಮುಗಿದಿತ್ತು. ಮೇಲಿನ ಕಚೇರಿಯವರ ಹಳೆಯ ಬಗೆಯ ಹಾಳೆಗೆ ಇರುವುದೇ ಅಷ್ಟು ಸಾಲು. ತಲೆಬರಹದ ಒಂದು ಸಾಲು ಕಳೆದರೆ ಒಂದೂವರೆ ಸಾವಿರದ ಮೇಲೆ ಇಪ್ಪತ್ತೊಂಬತ್ತು ದನ ಹೊರಗೆ. ಲೈಬ್ರರಿ ಅವನ್ನು ತುಟಿ ಪಿಟ್ಟೆನ್ನದೆ ಕೈಬಿಟ್ಟಿತ್ತು. ತುಂಬಿತು ಎಂದು ಒಂದು ಮಾತು ಹೇಳಬಾರದಿತ್ತೇ ಎಂದು ಅವಳಿಗೆ ಮೈಯೆಲ್ಲ ಉರಿಯಿತು.

ಆದರೆ ನಿಜವಾದ ಉರಿ ಹತ್ತಿದ್ದು ಮ್ಯಾನೇಜರ್ ಕಾಕಾಸಾಹೇಬನ ಖೋಲಿಯಲ್ಲಿ.

"ಒಂದೂವರಿ ಸಾವಿರ ಅಷ್ಟ ಉಳದಾವಲ್ಲ ಬಾಯಾರ? ಹದಿನಾರ ಸಾವಿರ ಬಂದಾವಂದ್ರ ಭಾಳ ಆತು. ಕಳಸಿಬಿಡ್ರಿ."

"ಉಳದಾವ ಅಲ್ರಿ ಸಾಹೇಬ್ರ, ನಾವ ಬಿಟ್ಟೇವಿ. ಎರಡ ಫೈಲ್ ಬರೀತೇನಿ, ಎರಡ ಫ್ಲಾಪಿ ಕಳಸೂಣು."

"ಮ್ಯಾಲಿನವರು ಒಂದ ಹಾಳಿ ಅಂದಾರ. ಎರಡ ಕಳಿಸಿ ನಾ ಬೈಸಿಕೊಳ್ಳೂದೇನ?"

"ಒಂದ ಫೋನ್ ಮಾಡಿ ಕೇಳ್ರಿ."

"ಇಷ್ಟಕ್ಕೆಲ್ಲಾ ಯಾಕ ಫೋನು? ಬರೂ ವರ್ಷ ನೋಡೂಣು."

"ಬೇನಿ ಬರೂ ವರ್ಷದತನಾ ಕಾಯ್ತೈತೇನ್ರಿ?"

"ಅರೆ, ಕಂಪ್ಯೂಟರ್ ಒಲ್ಲೆ ಅಂದ್ರ ನಾವೇನ್ ಮಾಡೂದ್ರಿ? ಅದಕ್ಕೇನ ದೊಡ್ಡವರು ಸಣ್ಣವರು ಗೊತ್ತೈತೇನು? ಹಾಳಿ ಸಣ್ಣದೈತಿ, ಮುಗೀತು."

ಚಂದ್ರಮತಿ ದಡದಡ ಬಂದು ಕುರ್ಚಿಯಲ್ಲಿ ಕೂತಳು. ದೊಡ್ಡವರು ಸಣ್ಣವರು ಗೊತ್ತಿಲ್ಲವಂತೆ! ಪಟ್ಟಿಯ ಒಂದರಿಂದ ನಲವತ್ತೆರಡು ಚೇರ್ಮನ್ ಅಣ್ಣಾಸಾಬರ ಜರ್ಸಿ ಆಕಳು. ಐವತ್ತೊಂದು, ಐವತ್ತೆರಡು ಇದೇ ಕಾಕಾಸಾಹೇಬನವು. ಬಾಲದಲ್ಲಿದ್ದವೆಲ್ಲ ನಿನ್ನೆ ಮೊನ್ನೆ ಸೇರಿದ ಒಂದೊಂದೇ ಎಮ್ಮೆಯ ಮನೆಗಳು. ಯಂತ್ರ ಕೊಟ್ಟ ಸಾಲನ್ನಷ್ಟೇ ಬರೆಯಿತು, ಸಾಲು ಹಚ್ಚಿದವರು ಯಾರು? ಹಾಳೆ ಸಣ್ಣದಂತೆ, ಹಾಳೆ...

ಹಂಡೆ ಸಣ್ಣದು!

ಈ ಸಲ ಅವಳಿಗೆ ನಿದ್ದೆ ಬರಲಿಲ್ಲ. ಮುದುಕಿ ಏನು ಮಾಡಿದಳೆಂದು ಥಟ್ಟನೆ ಹೊಳೆಯಿತು: ಬಡಿಸುವುದನ್ನು ಪಂಕ್ತಿಯ ಬಾಲದಿಂದ ಶುರುಮಾಡಿಸಿದ್ದಳು. ಪ್ರೋಗ್ರಾಮಿನಲ್ಲಿ ಬದಲಿಸಬೇಕಾದದ್ದು ಒಂದೇ ಗೆರೆ: ಮೊದಲಿನಿಂದ ಕೊನೆಗೆ ಎಂದಿದ್ದದ್ದನ್ನು ಕೊನೆಯಿಂದ ಮೊದಲಿಗೆ ಎಂದು ಮಾಡಿದಳು.

ಮರುದಿನ ಅಣ್ಣಾಸಾಬರು ಪಟ್ಟಿಗೆ ಸಹಿ ಮಾಡಲು ಬಂದರು. ಕಾಕಾಸಾಹೇಬ ಕೈಕಟ್ಟಿ ಹಿಂದೆ ನಿಂತ.

"ನಮ್ಮ ಆಕಳ ತೋರಸವಾ. ಮೊದಲನೇ ಸಾಲಿನ್ಯಾಗ ಇರಬೇಕಲ್ಲ?"

ಚಂದ್ರಮತಿ ಮೊದಲನೆಯ ಸಾಲು ತೋರಿಸಿದಳು. ಅಲ್ಲಿ ಎಲ್ಲರಿಗಿಂತ ಕೊನೆಗೆ ಸೇರಿದ ಐನಾಪುರದ ಒಂದು ಎಮ್ಮೆ ಇತ್ತು. ಆಮೇಲೆ ತಳಕ್ಕಿಳಿಸಿದಳು. ಒಂದು ಸಾವಿರದ ಐನೂರ ಮೂವತ್ತನೆಯ ನಂಬರಿನ ದನಕ್ಕೆ ಹಾಳೆ ಮುಗಿದಿತ್ತು.

"ನಮ್ಮವು ಎಲ್ಲಿ?"

"ಹಾಳಿ ಸಣ್ಣದ್ರಿ."

ಕಾಕಾಸಾಹೇಬ ಮುಂದೆ ನುಗ್ಗಿದ. "ಬಾಯಾರು ತಿರುವಿ ಬರದಾರ್ರಿ ಸಾಹೇಬ್ರ!"

"ಹೌದ್ರಿ, ಬಾಲದಿಂದ ಬರದೇನಿ. ಸುಳ್ಳ ಹೇಳೂದಿಲ್ಲ. ಕಂಪ್ಯೂಟರಿಗೆ ದೊಡ್ಡವರು ಸಣ್ಣವರು ಗೊತ್ತಿಲ್ಲಂತ ಇವರ ಹೇಳ್ಯಾರ. ಉಳದವು ಒಂದೂವರಿ ಸಾವಿರ ಅಷ್ಟ. ಬರೂ ವರ್ಷ ನೋಡೂಣ್ರಿ."

ಅಣ್ಣಾಸಾಬರ ಮುಖ ಕಾದ ಹೆಂಚಾಯಿತು. ತಾವೇ ಫೋನೆತ್ತಿ ಮೇಲಿನ ಕಚೇರಿಗೆ ಹಚ್ಚಿದರು. ಮೂರು ನಿಮಿಷದ ಮಾತು. ಆ ಕಡೆಯವರು ಎರಡಲ್ಲ, ನಾಲ್ಕು ಫೈಲು ಕಳಿಸಿರಿ, ಅದನ್ನೇನು ಕೇಳುವುದು ಅಂದರಂತೆ.

ಮೂರು ನಿಮಿಷ! ಸಾವಿರದ ಐನೂರ ಇಪ್ಪತ್ತೊಂಬತ್ತು ದನಗಳ ಜೀವಕ್ಕೆ ಯಾರೂ ಖರ್ಚು ಮಾಡಲೊಲ್ಲದ ಮೂರು ನಿಮಿಷ, ನಲವತ್ತೆರಡು ಆಕಳಿಗಾಗಿ ಒಮ್ಮೆಲೇ ಹುಟ್ಟಿ ಬಂದಿತ್ತು.

"ನಾ ಮೊದಲ ಹೇಳಿದ್ನಿ, ಎರಡ ಮಾಡ್ರಿ ಅಂತ" ಅಂದ ಕಾಕಾಸಾಹೇಬ.

ಚಂದ್ರಮತಿ ಅವನನ್ನು ಕಣ್ಣಲ್ಲೇ ಹುರಿದಳು. ಎರಡನೆಯ ಫೈಲು ಬರೆದು, ತೆರೆದು, ತಳದ ಸಾಲಿನವರೆಗೂ ನೋಡಿ, ಎರಡೂ ಫ್ಲಾಪಿಗಳನ್ನು ತಾನೇ ಲಕೋಟೆಗೆ ಹಾಕಿದಳು. ಬಿಜಲಿ ಇದ್ದ ಫ್ಲಾಪಿಯ ಮೇಲೆ ಒಂದು ಎಂದು ಬರೆದಳು, ಜರ್ಸಿಗಳಿದ್ದದ್ದರ ಮೇಲೆ ಎರಡು.

ಲಸಿಕೆಯ ಜೀಪು ಐನಾಪುರದ ವಸ್ತಿಗೆ ಬಂದ ದಿನ ಅವಳು ರಜೆ ಹಾಕಿ ಹೋದಳು. ಕಂಪೌಂಡರು ಹಾಳೆ ಹಿಡಿದು ಕೂಗಿದ: "ಸತ್ತೆವ್ವ. ಎಮ್ಮಿ ಒಂದ. ಬಿಜಲಿ!"

"ಅದಾಳ್ರಿ, ಬರಾಕತ್ತಾಳ, ಜರಾ ನಿಂದರ್ರಿ" ಎಂದು ಸತ್ತೆವ್ವ ಹಗ್ಗ ಜಗ್ಗಿದಳು. ಬಿಜಲಿ ತನ್ನ ಸಾವಕಾಶದಲ್ಲೇ ಬಂತು. ಚಂದ್ರಮತಿ ಕೊಂಬು ಹಿಡಿದಳು. ಸೂಜಿ ಒಳಗೆ ಹೋಯಿತು.