ಮುರಿಯುವವನು ಒಬ್ಬ, ಆರಿಸುವವನು ಒಬ್ಬ

ಪಾಂಡವಪುರದ ಬಸ್ ನಿಲ್ದಾಣದ ಹತ್ತಿರ ಲೋಕೇಶನ ಬೇಕರಿ. ಬೇಕರಿಯ ಮುಂದೆ ಒಂದು ಕಲ್ಲುಬೆಂಚು. ಸಂಜೆ ಡೇರಿಗೆ ಹಾಲು ಹಾಕಿದ ಮೇಲೆ ಆ ಬೆಂಚಿನ ಮೇಲೆ ಸಿದ್ದರಾಜು ಮತ್ತು ತಮ್ಮಯ್ಯ ಕೂತಿರಲೇಬೇಕು. ಒಂದೇ ಊರಿನವರು, ಅಕ್ಕಪಕ್ಕದ ಗದ್ದೆಯವರು, ಒಂದೇ ಬೈಕಿನಲ್ಲಿ ಬರುವವರು. ಇಬ್ಬರಿಗೂ ಸೇರಿ ಎರಡು ಟೀ, ಒಂದೇ ಒಂದು ಖಾರಾ ಬನ್ನು. ಒಬ್ಬೊಬ್ಬರಿಗೆ ಒಂದೊಂದು ತೆಗೆದುಕೊಳ್ಳಲಾಗದ ಬಡತನವೇನೂ ಅವರಿಗಿಲ್ಲ. ಹೈಸ್ಕೂಲು ಹುಡುಗರಾಗಿದ್ದಾಗ ಇಬ್ಬರ ಜೇಬು ತಡಕಿದರೂ ಒಂದು ಬನ್ನಿಗಾಗುವಷ್ಟೇ ಸಿಗುತ್ತಿತ್ತು. ಆ ಅಭ್ಯಾಸ ಮೊಮ್ಮಕ್ಕಳನ್ನು ಕಂಡ ಮೇಲೂ ಬಿಡಲಿಲ್ಲ, ಅಷ್ಟೆ.

ಅದಕ್ಕೊಂದು ಕಾನೂನೂ ಇತ್ತು. ತಮ್ಮಯ್ಯ ಮುರಿಯಬೇಕು, ಸಿದ್ದರಾಜು ಆರಿಸಬೇಕು. ಮುರಿಯುವವನು ಮೋಸ ಮಾಡದಿರಲಿ ಎಂದು ಆ ಕಾಲದಲ್ಲಿ ಮಾಡಿಕೊಂಡಿದ್ದು. ಆದರೆ ತಮ್ಮಯ್ಯನ ಬೆರಳುಗಳು ಹಾರೆ ಹಿಡಿದು ದಪ್ಪಗಾಗಿದ್ದವು, ಸಮನಾಗಿ ಮುರಿದ ದಿನವೇ ಇಲ್ಲ. ಸಿದ್ದರಾಜು ಒಂದಿಷ್ಟೂ ನಾಚಿಕೆಯಿಲ್ಲದೆ ದೊಡ್ಡ ಹೋಳಿಗೇ ಕೈ ಹಾಕುತ್ತಿದ್ದ. ತಮ್ಮಯ್ಯ ದಿನವೂ ಹೊಟ್ಟೆಬಾಕ ಎಂದು ಬೈಯುತ್ತಿದ್ದ. ಬೈಯದಿದ್ದರೆ ಟೀ ಇಳಿಯುತ್ತಿರಲಿಲ್ಲ.

ಇಂಥ ಸಿದ್ದರಾಜುವಿನ ಹೊಟ್ಟೆ ಕಳೆದ ವರ್ಷ ಕೈಕೊಟ್ಟಿತು. ತಿಂದದ್ದು ಮೈಗೆ ಹತ್ತದು, ಹೊಟ್ಟೆ ಉಬ್ಬರ, ಒಂದು ಹೊರೆ ಹುಲ್ಲು ಹೊತ್ತರೆ ಏದುಸಿರು. ಊರವರೆಲ್ಲ ವೈದ್ಯರೇ ಅಲ್ಲವೆ, ಒಬ್ಬ ಜಂತುಹುಳ ಎಂದ, ಇನ್ನೊಬ್ಬ ಕಣ್ಣು ತಗುಲಿದೆ ಎಂದ. ಕೊನೆಗೆ ಸೊಸೆ ಅರ್ಪಿತ ಹಟ ಹಿಡಿದು ಮೈಸೂರಿಗೆ ಕರೆದುಕೊಂಡು ಹೋದಳು. ಆಕೆ ಶ್ರೀರಂಗಪಟ್ಟಣದ ಒಂದು ಕಚೇರಿಯಲ್ಲಿ ಕೆಲಸಕ್ಕಿದ್ದವಳು, ಜನರ ಸಬೂಬು ಕೇಳಿ ಕೇಳಿ ಗಟ್ಟಿಯಾಗಿದ್ದಳು. ಡಾಕ್ಟರು ಹೊಟ್ಟೆಯೊಳಗೆ ಪೈಪು ಬಿಟ್ಟು ನೋಡಿ, ರಕ್ತ ತೆಗೆದು ನೋಡಿ, ಗೋಧಿಯಲ್ಲಿ ಗ್ಲುಟನ್ ಅಂತ ಒಂದು ಅಂಟು ಇರುತ್ತದೆ, ಅದು ನಿಮ್ಮ ಕರುಳಿಗೆ ಆಗುವುದಿಲ್ಲ, ಗೋಧಿ, ಮೈದಾ, ರವೆ ಇನ್ನು ಜೀವಮಾನ ಪೂರ್ತಿ ಒಂದು ಚೂರೂ ಕೂಡದು ಎಂದರು. ಸಿದ್ದರಾಜು ಎಲ್ಲವನ್ನೂ ಕೇಳಿಸಿಕೊಂಡು, ಬನ್ನು ತಿನ್ನಬಹುದಾ ಎಂದು ಕೇಳಿದ. ಅರ್ಪಿತ ತಲೆ ತಗ್ಗಿಸಿ ನಗು ನುಂಗಿಕೊಂಡಳು.

ಮನೆಯಲ್ಲಿ ಹೆಂಡತಿ ಅಣ್ಣಮ್ಮ ಇದೇನು ಮಹಾ ಎಂದಳು. ಮುದ್ದೆ ಇದೆ, ಅನ್ನ ಇದೆ, ಅಕ್ಕಿ ರೊಟ್ಟಿ ಇದೆ, ನಮ್ಮ ಸೀಮೆಯಲ್ಲಿ ಗೋಧಿ ಬೆಳೆಯುವವರಾದರೂ ಯಾರು? ಮಾತು ನಿಜವೇ. ಊಟಕ್ಕೆ ತೊಂದರೆಯಿರಲಿಲ್ಲ. ತೊಂದರೆಯಿದ್ದದ್ದು ಬಾಯಿ ಚಪಲಕ್ಕೆ, ಮತ್ತು ಆ ಬೆಂಚಿಗೆ. ರಾಗಿ ತಿಂದು ಬೆಳೆದ ಗಂಡಸಿಗೆ ಗೋಧಿ ಕಾಯಿಲೆ ಬಂತೆಂದರೆ ಬೆಂಚಿನವರು ನಗದೆ ಬಿಡುತ್ತಾರೆಯೆ? ಎಲ್ಲರಿಗಿಂತ ಮೊದಲು ನಗುವವನು ತಮ್ಮಯ್ಯ, ನಕ್ಕು ಇಡೀ ತಾಲ್ಲೂಕಿಗೆ ಹೇಳುವವನೂ ಅವನೇ. ಹಾಗಾಗಿ ಸಿದ್ದರಾಜು ಕೆಮ್ಮು ಎಂದ, ಹಲ್ಲುನೋವು ಎಂದ, ಬರೀ ಟೀ ಕುಡಿದು ಎದ್ದು ಬಂದ. ಅಷ್ಟರಲ್ಲಿ ನಾಲೆಯ ನೀರಿನ ಸರದಿಯ ವಿಷಯಕ್ಕೆ ಇಬ್ಬರಿಗೂ ಗದ್ದೆ ಬದುವಿನ ಮೇಲೆ ಒಂದು ಸಣ್ಣ ಜಟಾಪಟಿಯಾಯಿತು. ಬೇರೆ ಕಾಲದಲ್ಲಾಗಿದ್ದರೆ ಅದು ಸಂಜೆಯ ಹೊತ್ತಿಗೆ ಮರೆತೇ ಹೋಗುತ್ತಿತ್ತು.

ಮರುವಾರವೇ ತಮ್ಮಯ್ಯನ ಮೊಮ್ಮಗಳಿಗೆ ಹೆಸರಿಡುವ ಶಾಸ್ತ್ರ. ಕೆ.ಆರ್. ಪೇಟೆಯಿಂದ ಬೀಗರು ಒಂದು ಟೆಂಪೋ ತುಂಬ ಬಂದಿದ್ದರು. ಎಲೆಯ ಮೇಲೆ ಒಬ್ಬಟ್ಟು, ಶಾವಿಗೆ ಪಾಯಸ, ಪೂರಿ. ಎಲ್ಲವೂ ಶತ್ರುಗಳೇ. ಸಿದ್ದರಾಜು ಅನ್ನ ಮೊಸರು ಕಲಸಿಕೊಂಡು ಮೆಲ್ಲಗೆ ತಿನ್ನುತ್ತಿದ್ದಾಗ, ತಮ್ಮಯ್ಯ ತಾನೇ ಒಬ್ಬಟ್ಟಿನ ತಟ್ಟೆ, ತುಪ್ಪದ ಗಿಂಡಿ ಹಿಡಿದು ಪಂಕ್ತಿಗೆ ಬಂದ. ಗೆಳೆಯನಿಗೆ ತನ್ನ ಕೈಯಿಂದಲೇ ಬಡಿಸಬೇಕು ಎಂಬ ಪ್ರೀತಿ. ಸಿದ್ದರಾಜುವಿಗೆ ಏನು ಮಾಡುವುದೋ ತೋಚಲಿಲ್ಲ. ಎರಡೂ ಕೈಗಳನ್ನು ಎಲೆಯ ಮೇಲೆ ಅಡ್ಡ ಹಿಡಿದುಬಿಟ್ಟ.

ನಮ್ಮ ಕಡೆ ಶುಭಕಾರ್ಯದ ಮನೆಯ ಸಿಹಿಗೆ ಹಾಗೆ ಕೈ ಅಡ್ಡ ಹಿಡಿದರೆ ಅದಕ್ಕೆ ಒಂದೇ ಅರ್ಥ: ಇನ್ನು ಮೇಲೆ ನಿಮ್ಮ ಮನೆಗೂ ನಮ್ಮ ಮನೆಗೂ ಕೊಡು ಕೊಳ್ಳುವುದು ಮುಗಿಯಿತು. ಅದೂ ಬೀಗರ ಕಣ್ಣೆದುರು. ತಮ್ಮಯ್ಯ ತಟ್ಟೆ ಹಿಡಿದು ಒಂದು ಕ್ಷಣ ನಿಂತ. ಅವನ ಕಿವಿ ಕೆಂಪಾಯಿತು. ಆಮೇಲೆ ಪಕ್ಕದ ಎಲೆಗೆ ಹೋದ.

ಮರುದಿನ ಸಂಜೆ ಸಿದ್ದರಾಜು ಬಸ್ಸಿನಲ್ಲಿ ಬೇಕರಿಗೆ ಬಂದ, ತಮ್ಮಯ್ಯನ ಬೈಕು ಅಂದು ಮನೆ ಮುಂದೆ ನಿಲ್ಲಲಿಲ್ಲವಲ್ಲ. ತಮ್ಮಯ್ಯ ಬೆಂಚಿನ ಆ ತುದಿಯಲ್ಲಿದ್ದ. ಲೋಕೇಶನ ಕೈಯಿಂದ ಖಾರಾ ಬನ್ನು ಈಸಿಕೊಂಡ, ಮುರಿಯಲಿಲ್ಲ. ಇಡೀ ಬನ್ನನ್ನು ಒಬ್ಬನೇ ಕಚ್ಚಿ ಕಚ್ಚಿ ತಿಂದ. ಸಿದ್ದರಾಜು ಟೀ ಅರ್ಧಕ್ಕೇ ಬಿಟ್ಟು ಎದ್ದ. ಅಯ್ಯೋ, ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಅವನ ಮುಖ ನೋಡಲಾಗದೆ ಅರ್ಪಿತ ಒಂದು ದಿನ ಮಾವನನ್ನು ಶ್ರೀರಂಗಪಟ್ಟಣಕ್ಕೆ ಕರೆಸಿಕೊಂಡಳು. ಏನು ತಿನ್ನಬಹುದೋ ಹುಡುಕೋಣ, ಬರೀ ಏನು ತಿನ್ನಬಾರದು ಅಂತಲೇ ಎಷ್ಟು ದಿನ ಕೊರಗುತ್ತೀರಿ ಎಂದಳು. ಹೋಟೆಲಿನಲ್ಲಿ ಸಪ್ಲೈಯರು ತಿಂಡಿಗಳ ಹೆಸರು ಒಂದೇ ಉಸಿರಿಗೆ ಹೇಳಿದ. ಆಕೆ ಒಂದೊಂದಕ್ಕೂ ತಡೆ ಹಾಕಿದಳು. ರವೆ ಇಡ್ಲಿ ಬೇಡ, ಪೂರಿ ಬೇಡ, ಮಂಡ್ಯ ಜಿಲ್ಲೆಯಲ್ಲಿ ಹುಟ್ಟಿಯೂ ಮದ್ದೂರು ವಡೆ ಬೇಡ. ದೋಸೆ ಹಿಟ್ಟಿಗೆ ಮೈದಾ ಬೆರೆಸುತ್ತೀರಾ ಎಂದು ಕೇಳಿದಳು. ಅವನು ಗರಿಗರಿ ಬರಲಿ ಅಂತ ಸ್ವಲ್ಪ ಎಂದು ಹೆಮ್ಮೆಯಿಂದ ಒಪ್ಪಿಕೊಂಡ. ಸಾಂಬಾರಿನ ಇಂಗಿಗೂ ಗೋಧಿಹಿಟ್ಟು ಬೆರೆಸಿರುತ್ತಾರೆ ಎಂದು ಆಕೆ ಹೇಳಿದಾಗ ಸಿದ್ದರಾಜು ಇಂಗು ತಿಂದ ಮಂಗನಂತೆಯೇ ಕೂತ. ಕೊನೆಗೆ ಬಂದದ್ದು ಬಿಸಿ ಇಡ್ಲಿ, ಬೆಣ್ಣೆ, ಕಾಯಿಚಟ್ನಿ. ತಿಂದರೆ ಚೆನ್ನಾಗಿಯೇ ಇತ್ತು.

ಆಮೇಲೆ ಪಕ್ಕದ ಸಿಹಿ ಅಂಗಡಿಯಲ್ಲಿ ಅರ್ಪಿತ ವಿಚಾರಿಸಿ ವಿಚಾರಿಸಿ, ಬರೀ ಕಡಲೆಹಿಟ್ಟು, ತುಪ್ಪ, ಸಕ್ಕರೆಯದೇ ಎಂದು ಖಾತ್ರಿ ಮಾಡಿಕೊಂಡು ಮೈಸೂರು ಪಾಕು ಕೊಡಿಸಿದಳು. ಬೇರೆ ಸಿಹಿ ತಾಗದ ಹೊಸ ತಟ್ಟೆಯಿಂದಲೇ ತೆಗೆಸಿದಳು. ಸಿದ್ದರಾಜು ಬಾಯಿಗಿಟ್ಟ, ಕಣ್ಣು ಮುಚ್ಚಿದ. ಲೋಕ ಇನ್ನೂ ಪೂರಾ ಮುಳುಗಿಲ್ಲ ಅನ್ನಿಸಿತು. ಎರಡನೆಯದನ್ನು ಬಾಯಿಗಿಡುವ ಮೊದಲು ನೆನಪಾದವನು ಯಾರು? ಅದೇ ತಮ್ಮಯ್ಯ. ಒಂದು ಪೊಟ್ಟಣ ಕಟ್ಟಿಸಿಕೊಂಡು ಸಂಜೆ ಬೆಂಚಿನ ಮೇಲೆ ಇಬ್ಬರ ನಡುವೆ ಇಟ್ಟ.

ತಮ್ಮಯ್ಯ ಪೊಟ್ಟಣದ ಕಡೆ ನೋಡಿದ. “ನಿಮ್ಮನೆ ಸಿಹಿ ನಮಗ್ಯಾಕೆ ಬುಡಿ ಸ್ವಾಮಿ,” ಎಂದ. “ನಮ್ಮನೇದು ನಿಮಗಾಗಕಿಲ್ಲ, ನಿಮ್ಮದು ನಮಗಾಗಕಿಲ್ಲ.”

ಎಂದೂ ‘ಲೇ’ ಬಿಟ್ಟು ಕರೆಯದವನ ಬಾಯಲ್ಲಿ ಸ್ವಾಮಿ! ಹೊಡೆದಿದ್ದರೆ ಇಷ್ಟು ನೋಯುತ್ತಿರಲಿಲ್ಲ. ಸಿದ್ದರಾಜು ಪೊಟ್ಟಣ ಎತ್ತಿಕೊಂಡು ಬಸ್ಸು ಹತ್ತಿದ. ದಾರಿಯಲ್ಲಿ ದುಃಖಕ್ಕೆ ಅಷ್ಟನ್ನೂ ತಿಂದು ಮುಗಿಸಿದ ಎನ್ನುವುದು ಬೇರೆ ಮಾತು.

ಇದ್ದದ್ದನ್ನು ಇದ್ದಂತೆ ಹೇಳಿಬಿಡಿ ಎಂದು ಅರ್ಪಿತ ಹೇಳಿದಳು, ಅಣ್ಣಮ್ಮನೂ ಹೇಳಿದಳು. ಸಿದ್ದರಾಜುವಿಗೆ ಬಾಯಿ ಬರಲಿಲ್ಲ. ಕೋಪ ಮಾಡಿಕೋಬೇಡ ಅನ್ನುವುದು ಈ ಗಂಡಸರ ಬಾಯಿಂದ ಹೊರಡುವ ಮಾತಲ್ಲ. ಇಡೀ ರಾತ್ರಿ ಯೋಚಿಸಿ ಬೆಳಿಗ್ಗೆ ಸೊಸೆಯ ಮುಂದೆ ನಿಂತು ಒಂದು ಬೇಡಿಕೆ ಇಟ್ಟ.

“ನಂಗೊಂದು ಬನ್ನು ಮಾಡ್ಕೊಡವ್ವ,” ಎಂದ. “ರುಚಿ ಎಂಗಾರಾ ಇರ್ಲಿ. ಮುರುದ್ರೆ ಎರಡು ಹೋಳಾಗ್ಬೇಕು, ಪುಡಿಯಾಗ್ಬಾರ್ದು. ಅಷ್ಟು ಸಾಕು.”

ಅರ್ಪಿತಳಿಗೆ ಅರ್ಥವಾಯಿತು. ಸುಲಭದ ಕೆಲಸವಲ್ಲ ಎನ್ನುವುದು ಆಮೇಲೆ ಅರ್ಥವಾಯಿತು. ಬನ್ನನ್ನು ಹಿಡಿದಿಡುವುದೇ ಆ ಹಾಳು ಅಂಟು. ಅದಿಲ್ಲದ ಹಿಟ್ಟು ಯಾರ ಮಾತೂ ಕೇಳುವುದಿಲ್ಲ. ಗಿರಣಿಯಲ್ಲಿ ಗೋಧಿ ಬೀಸಿದ ಮೇಲೆ ನಮ್ಮ ಹಿಟ್ಟು ಬೀಸಿದರೆ ಅದೂ ಕೆಟ್ಟಿತು ಎಂದು ಅಣ್ಣಮ್ಮ ತನ್ನ ತವರು ಬಿಂಡಿಗನವಿಲೆಯಿಂದ ಬಂದ ರಾಗಿಯನ್ನು ತೊಳೆದು ಒಣಗಿಸಿ ಮನೆಯಲ್ಲೇ ಬೀಸಿದಳು. ದಪ್ಪ ಬಾಣಲೆಗೆ ಮರಳು ಹಾಕಿ, ಒಲೆಯ ಮೇಲಿಟ್ಟು, ಮೇಲೊಂದು ಮುಚ್ಚಳ ಮುಚ್ಚಿದರು. ಅದೇ ಓವನ್ನು.

ಮೊದಲನೆಯದು ಬರೀ ಅಕ್ಕಿಹಿಟ್ಟಿನದು. ಸಿದ್ದರಾಜು ಮುರಿಯಲು ಹೋದರೆ ಕೈಯಲ್ಲೇ ಉದುರಿತು, ಕೋಳಿಗಳಿಗೆ ಹಬ್ಬವಾಯಿತು. ಎರಡನೆಯದು ರಾಗಿಯದು, ಮುರಿಯಲೇ ಇಲ್ಲ. ಎಮ್ಮೆಯ ಮುಂದಿಟ್ಟರೆ ಅದು ಮೂಸಿ, ನಿಟ್ಟುಸಿರು ಬಿಟ್ಟು, ಮುಖ ತಿರುಗಿಸಿತು. ಅರ್ಪಿತ ಸೋತು ಅಡುಗೆಮನೆಯ ಮೂಲೆಯಲ್ಲಿ ಕೂತಿದ್ದಾಗ ಅತ್ತೆ ರಾತ್ರಿಯ ಮುದ್ದೆ ತೊಳಸುತ್ತಿದ್ದಳು. ಕುದಿಯುವ ನೀರಿಗೆ ಬಿದ್ದ ಹಿಟ್ಟು ಕೋಲಿಗೆ ಅಂಟಿ ಅಂಟಿ ಒಂದಾಗುತ್ತಿತ್ತು. ಅತ್ತೆ, ಇದ್ಯಾಕೆ ಪುಡಿಯಾಗುವುದಿಲ್ಲ ಎಂದು ಸೊಸೆ ಕೇಳಿದಳು. ಬೆಂದದ್ದಕ್ಕೆ ಎಂದಳು ಅಣ್ಣಮ್ಮ. ಹೇಳಿದ ಮೇಲೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಮರುದಿನ ಭಾನುವಾರ. ಒಂದಿಷ್ಟು ರಾಗಿ, ಅಕ್ಕಿಹಿಟ್ಟನ್ನು ಮೊದಲೇ ತೆಳ್ಳಗೆ ಮುದ್ದೆಯಂತೆ ಬೇಯಿಸಿ ಆರಿಸಿದರು. ಅದಕ್ಕೆ ಉಳಿದ ಹಿಟ್ಟು, ಹುಳಿಮೊಸರು, ಮೊಟ್ಟೆ, ಚಿಟಿಕೆ ಸೋಡಾ, ಹೆಚ್ಚಿದ ಈರುಳ್ಳಿ, ಹಸಿಮೆಣಸಿನಕಾಯಿ, ಕರಿಬೇವು. ಮರಳ ಮೇಲೆ ಬೇಯುವಾಗ ಬಂದ ವಾಸನೆಗೆ ಪಕ್ಕದ ಮನೆಯವರು ಬೇಲಿಯ ಮೇಲೆ ಇಣುಕಿದರು. ತಣ್ಣಗಾದ ಮೇಲೆ ಸಿದ್ದರಾಜು ಒಂದನ್ನು ಕೈಗೆ ತೆಗೆದುಕೊಂಡ, ಉಸಿರು ಬಿಗಿಹಿಡಿದು ಮುರಿದ. ಎರಡೇ ಹೋಳು. ಒಂದೆರಡು ಚೂರು ಬಿದ್ದವು, ಅದು ಬೇಕರಿ ಬನ್ನಿನಲ್ಲೂ ಬೀಳುತ್ತದೆ. ಅಣ್ಣಮ್ಮ ಸೆರಗಿನಿಂದ ಹಣೆ ಒರೆಸಿಕೊಂಡು, ಇನ್ನು ಹೋಗಿ ಅವನನ್ನು ನೋಡಿ ಎಂದಳು.

ಸಂಜೆ ತಮ್ಮಯ್ಯ ಬೆಂಚಿನ ತುದಿಯಲ್ಲೇ ಇದ್ದ. ಕೈಯಲ್ಲಿ ಅರ್ಧ ತಿಂದ ಬನ್ನು. ಸಿದ್ದರಾಜು ಪಕ್ಕದಲ್ಲಿ ಕೂತು ಸ್ಟೀಲ್ ಡಬ್ಬಿಯ ಮುಚ್ಚಳ ತೆಗೆದ. ಒಳಗೆ ಒಂದೇ ಬನ್ನು, ರಾಗಿಯ ಬಣ್ಣದ್ದು. ರಸ್ತೆಯಲ್ಲಿ ಹೋಗುತ್ತಿದ್ದ ಕಬ್ಬಿನ ಟ್ರಾಕ್ಟರಿನ ಕಡೆ ನೋಡಿಕೊಂಡೇ ಮಾತಾಡಿದ.

“ನನ್ನ ಕರುಳ್ಗೆ ಗೋದಿ ಆಗಕಿಲ್ಲ ಕಣ್ಲಾ. ಮೈಸೂರು ಡಾಕ್ಟ್ರು ಅಂದವ್ರೆ. ನಿಮ್ಮನೆ ಒಬ್ಬಟ್ಟಿಗೆ ಕೈ ಅಡ್ಡ ಇಟ್ಟಿದ್ದು ಅದುಕ್ಕೆ. ನೀರಿನ ಜಗಳಕ್ಕಲ್ಲ. ನೀನು ನಗಾಡ್ತೀಯ ಅಂತ ಯೋಳ್ನಿಲ್ಲ. ಈಗ ನಗಂಗಿದ್ರೆ ನಗು.”

ತಮ್ಮಯ್ಯ ನಗಲಿಲ್ಲ. ಕೈಯಲ್ಲಿದ್ದ ಬನ್ನನ್ನು ಆಚೆಗಿಟ್ಟ. ಆಮೇಲೆ ಒಂದು ಚೂರು ತಾಕಿದರೂ ಆಗುವುದಿಲ್ಲವೇ ಎಂದು ಕೇಳಿದ. ಚೂರು ತಾಕಿದರೂ ಆಗುವುದಿಲ್ಲ ಎಂದ ಸಿದ್ದರಾಜು. ತಮ್ಮಯ್ಯ ತನ್ನ ಕೈ ನೋಡಿಕೊಂಡ, ಬೆರಳಿಗೆಲ್ಲ ಬನ್ನಿನ ಪುಡಿ. ಥಟ್ಟನೆ ಎದ್ದು ಬೇಕರಿಯ ಹಿಂದಕ್ಕೆ ಹೊರಟೇಹೋದ.

ಸಿದ್ದರಾಜು ಡಬ್ಬಿ ಮುಂದಿಟ್ಟುಕೊಂಡು ಒಬ್ಬನೇ ಕೂತ. ಹೇಳಿದ್ದು ತಡವಾಯಿತೇನೋ, ಮುಗಿಯಿತು ಅನ್ನಿಸಿತು. ಅಷ್ಟರಲ್ಲಿ ಹಿಂದಿನಿಂದ ನಲ್ಲಿ ನೀರಿನ ಸದ್ದು, ಸೋಪು ಎಲ್ಲಿ ಎಂದು ಲೋಕೇಶನ ಮೇಲೆ ತಮ್ಮಯ್ಯ ರೇಗುವ ಸದ್ದು. ಸ್ವಲ್ಪ ಹೊತ್ತಿಗೆ ತಮ್ಮಯ್ಯ ಮೊಣಕೈವರೆಗೆ ತೊಳೆದುಕೊಂಡು ಬಂದ. ಒರೆಸಿಕೊಳ್ಳಲು ಲೋಕೇಶ ಟವೆಲ್ಲು ಚಾಚಿದರೆ, ಅದರಲ್ಲೆಲ್ಲ ನಿನ್ನ ಮೈದಾ ಐತೆ, ಆಚೆಗಿಡು ಎಂದು ಗದರಿದ. ಒದ್ದೆ ಕೈಯನ್ನು ಗಾಳಿಯಲ್ಲಿ ಒದರಿ ಒದರಿ ಆರಿಸಿಕೊಂಡು, ಸಿದ್ದರಾಜುವಿನ ಪಕ್ಕಕ್ಕೇ ಬಂದು ಕೂತ.

“ಕೊಡು ಇತ್ಲಾಗೆ,” ಎಂದ.

ಮುರಿದ. ಯಥಾಪ್ರಕಾರ ಒಂದು ದೊಡ್ಡದು, ಒಂದು ಚಿಕ್ಕದು. ಎರಡನ್ನೂ ಅಂಗೈಯಲ್ಲಿಟ್ಟು ಮುಂದೆ ಹಿಡಿದ. ಸಿದ್ದರಾಜುವಿನ ಕಣ್ಣು ಮಂಜಾಗಿತ್ತು. ತಪ್ಪು ತನ್ನದಲ್ಲವೆ, ಬೀಗರ ಮುಂದೆ ಇವನ ಮಾನ ಕಳೆದವನು ತಾನಲ್ಲವೆ ಎಂದುಕೊಂಡು ಚಿಕ್ಕ ಹೋಳಿಗೆ ಕೈ ಹಾಕಿದ.

ತಮ್ಮಯ್ಯ ಅಂಗೈ ಹಿಂದಕ್ಕೆಳೆದುಕೊಂಡ.

“ಯಾಕ್ಲಾ, ಮರ್ವಾದೆ ಮಾಡಕ್ಕೆ ನಾನೇನು ನಿನ್ನ ಬೀಗನಾ? ದೊಡ್ಡದು ತಕ್ಕೊಳ್ಲಾ, ಹೊಟ್ಟೆಬಾಕ.”

ಸಿದ್ದರಾಜು ದೊಡ್ಡದನ್ನೇ ತೆಗೆದುಕೊಂಡ. ತಮ್ಮಯ್ಯ ತನ್ನ ಹೋಳು ಕಚ್ಚಿ, ಅಗಿದು, ಉಪ್ಪು ಕಮ್ಮಿ ಎಂದ. ಆಮೇಲೆ ರಾಗಿ ತಿಂದವನಿಗೆ ಗೋದಿ ಕಾಯಿಲೆಯಂತೆ ಎಂದು ಹೊಟ್ಟೆ ಹಿಡಿದುಕೊಂಡು ನಗಲು ಶುರು ಮಾಡಿದ. ಸಿದ್ದರಾಜುವೂ ನಕ್ಕ. ಲೋಕೇಶ ಎರಡು ಟೀ ತಂದಿಟ್ಟು ಲೈಟು ಹಾಕಿದ.